ಸ್ಟೆಪ್ನಿಗಾಗಿ ಕಳೆದ ಅರ್ಧ ಗಂಟೆ

ಹಳೆಯ ಗಾಡಿ ಕೊಳ್ಳಲು ಹೋದಾಗ ಮಾರುವವನನ್ನು ಪ್ರಶ್ನೆ ಕೇಳಬೇಡಿ, ಗಾಡಿಯನ್ನು ಕೇಳಿ. ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ನೀವು ಬರುವ ಮೊದಲೇ ಎಂಜಿನ್ ಓಡಿಸಿಟ್ಟಿದ್ದಾರೆ, ತಣ್ಣಗಿರುವಾಗ ಅದು ಸ್ಟಾರ್ಟ್ ಆಗಲು ತಕರಾರು ಮಾಡುತ್ತದೆ ಎಂದು ತಿಳಿಯಿರಿ. ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಬಾಗಿಲುಗಳ ಕೆಳ ಅಂಚಿನುದ್ದಕ್ಕೂ ಎಳೆಯಿರಿ. ಅದು ಹಿಡಿಯದ ಕಡೆ ತಗಡಿಲ್ಲ, ಬರೀ ಪುಟ್ಟಿ. ನೆಲದ ಮ್ಯಾಟ್ ಎತ್ತಿ ಮೂಸಿ. ಮಾರುವವನು ಪಕ್ಕದಲ್ಲಿ ನಿಂತು ಏನೇ ಹೇಳುತ್ತಿರಲಿ, ಹೂಂ ಎನ್ನುತ್ತಾ ಅದರಲ್ಲಿ ಅರ್ಧವನ್ನು ಕಳೆದುಬಿಡಿ. ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿ ಹಳೆಯ ವ್ಯಾನುಗಳನ್ನು ಕೊಂಡು, ರಿಪೇರಿ ಮಾಡಿ ಮಾರುವ ನನಗೆ ಈ ಕ್ರಮ ಎಂದೂ ಕೈಕೊಟ್ಟಿರಲಿಲ್ಲ. ಕಳೆದ ಚಳಿಗಾಲದಲ್ಲಿ ಉತ್ತರದ ಒಂದು ಜೌಗಿನಲ್ಲಿ ಕೈಕೊಟ್ಟಿತು. ಗಾಡಿಯನ್ನು ಸರಿಯಾಗಿಯೇ ಅಳೆದಿದ್ದೆ. ಮಾರುವವನನ್ನು ಅಳೆಯುವುದರಲ್ಲಿ ತಪ್ಪಿದೆ.

ವ್ಯಾನು ಬೇಕಾಗಿದ್ದದ್ದು ಪಕ್ಕದೂರು ಇಪ್ಸ್‌ವಿಚ್‌ನ ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಡಾಕ್ಟರಮ್ಮ ಒಬ್ಬರಿಗೆ. ಅವರ ಹದಿನೈದು ವರ್ಷದ ಮಗಳು ಓಡಾಡುವುದು ಗಾಲಿಕುರ್ಚಿಯಲ್ಲಿ. ಬೆಳಿಗ್ಗೆ ಶಾಲೆಗೆ ಹೊರಡುವಾಗ, ಸಂಜೆ ಮನೆಗೆ ಬಂದಾಗ, ಅವಳನ್ನು ಎತ್ತಿ ಕಾರಿನಲ್ಲಿ ಕೂರಿಸುವುದು, ಎತ್ತಿ ಇಳಿಸುವುದು ತಾಯಿಯೊಬ್ಬರದೇ ಕೆಲಸ. ಮಗಳು ಬೆಳೆಯುತ್ತಾ ಹೋದಳು, ತಾಯಿಯ ಬೆನ್ನು ಸೋಲುತ್ತಾ ಬಂತು. ಹಿಂಬಾಗಿಲಿನಲ್ಲಿ ಲಿಫ್ಟ್ ಇರುವ ಹೊಸ ವ್ಯಾನಿಗೆ ಹೆಸರು ಬರೆಸಿ ತಿಂಗಳುಗಟ್ಟಲೆ ಕಾಯಬೇಕಿತ್ತು.

"ಅಣ್ಣ, ರಜ ಮುಗಿಯೋದ್ರೊಳ್ಗೆ ಎಲ್ಲಿಂದಾದ್ರೂ ಒಂದು ತಂದ್ಕೊಡಿ. ಸೋಮವಾರದಿಂದ ಸ್ಕೂಲು. ನನ್ ಕೈಲಿ ಇನ್ನು ಎತ್ತಕ್ಕಾಗಲ್ಲ," ಎಂದಿದ್ದರು ಡಾಕ್ಟರಮ್ಮ ಫೋನಿನಲ್ಲಿ.

ಹಿಂದಿನಿಂದ ಮಗಳ ದನಿ. "ಅಂಕಲ್, ಪ್ಲೀಸ್ ಮೇಕ್ ಶೂರ್ ಇಟ್ ಡಸನ್ಟ್ ಸ್ಮೆಲ್!"

"ಕನ್ನಡದಲ್ಲಿ ಹೇಳೇ."

"ಹೀ ಅಂಡರ್‌ಸ್ಟುಡ್, ಅಮ್ಮ."

"ವಾಸ್ನೆ ಬಂದ್ರೆ ವಾಪಸ್ ತಗೊಳ್ತೀನಮ್ಮ," ಎಂದೆ ನಾನು.

ಹುಡುಕಿದಾಗ ಸಿಕ್ಕಿದ್ದು ಎರಡೇ. ಒಂದು ಪರ್ತ್‌ನ ವೆಲ್ಷ್‌ಪೂಲ್‌ನ ಗೋದಾಮಿನಲ್ಲಿ, ದೇಶದ ಆ ತುದಿಯಲ್ಲಿ. ಇನ್ನೊಂದು ನಮ್ಮದೇ ರಾಜ್ಯದಲ್ಲಿ, ಬ್ರಿಸ್ಬೇನಿನಿಂದ ಉತ್ತರಕ್ಕೆ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರ, ಸಮುದ್ರದ ಬಳಿ ಏಡಿ ಹಿಡಿದು ಬದುಕುವ ಒಬ್ಬ ಮುದುಕನ ಹತ್ತಿರ. ಶುಕ್ರವಾರ ಬೆಳಿಗ್ಗೆ ಹೆದ್ದಾರಿಯ ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಬಸ್ಸಿನಿಂದ ಇಳಿದೆ. ಮುದುಕ ತನ್ನ ಯೂಟ್, ಅಂದರೆ ಹಿಂದೆ ತೆರೆದ ತೊಟ್ಟಿಯಿರುವ ಪಿಕಪ್ ಗಾಡಿ, ತಂದು ಕಾಯುತ್ತಿದ್ದ. ಅವನ ಮನೆಗೆ ಇಪ್ಪತ್ತೆರಡು ಕಿಲೋಮೀಟರ್ ಮಣ್ಣುದಾರಿ, ಅದೊಂದೇ ದಾರಿ. ನಡುವೆ ಒಂದು ತೊರೆ, ಅದಕ್ಕೆ ಅಡ್ಡಲಾಗಿ ಕಾಂಕ್ರೀಟ್ ಹಾಸು. ನಾವು ದಾಟಿದಾಗ ಹಾಸು ಒಣಗಿ ಬೆಳ್ಳಗಿತ್ತು. ಆಮೇಲೆ ಆರು ಕಿಲೋಮೀಟರ್ ಜೌಗು, ಅದರಾಚೆ ಒಂದು ಉಪ್ಪಿನ ಬಯಲು, ಕೊನೆಗೆ ಅವನ ಮನೆ.

ಗಾಡಿ ಬಂಗಾರದಂತಿತ್ತು. ಬಾನೆಟ್ ತಣ್ಣಗಿತ್ತು. ಆಯಸ್ಕಾಂತ ಎಲ್ಲ ಕಡೆಯೂ ಕಚ್ಚಿಕೊಂಡಿತು. ಲಿಫ್ಟನ್ನು ಹತ್ತು ಸಲ ಇಳಿಸಿ ಏರಿಸಿದೆ, ಕೊನೆಯ ಎರಡು ಸಲ ಮುದುಕನನ್ನೂ ಹತ್ತಿಸಿಕೊಂಡು. ಒಂದು ಸಲವೂ ತಡವರಿಸಲಿಲ್ಲ. ಅದನ್ನು ಏರಿಸಿ ಇಳಿಸುವ ಪಂಪು ಮತ್ತು ವೈರಿನ ಪೆಟ್ಟಿಗೆ ಹಿಂಚಕ್ರದ ಪಕ್ಕದಲ್ಲಿ, ನೆಲದ ಹಲಗೆಯ ಕೆಳಗೆ ಇತ್ತು. ಅದನ್ನೂ ಬಿಚ್ಚಿ ನೋಡಿದೆ.

"ನನ್ನ ಹೆಂಡತಿಗೆ ಮಾಡಿಸಿದ್ದು. ಹೋದ ವರ್ಷ ತೀರಿಕೊಂಡಳು," ಎಂದ ಮುದುಕ. "ನೀನು ಯಾರಿಗೆ ಕೊಳ್ತಿದ್ದೀಯ?"

"ವ್ಯಾಪಾರಕ್ಕೆ."

ಮತ್ತೆ ಎರಡು ಸಲ ಕೇಳಿದ. ಎರಡು ಸಲವೂ ಅದೇ ಉತ್ತರ ಕೊಟ್ಟೆ. ಕೊಳ್ಳುವವನ ಅಗತ್ಯ ಗೊತ್ತಾದ ಗಳಿಗೆಯಿಂದ ಬೆಲೆ ಇಳಿಯುವುದು ನಿಲ್ಲುತ್ತದೆ. ಇದನ್ನು ಬರೆದಿಟ್ಟುಕೊಳ್ಳಿ ಎಂದು ಎಷ್ಟು ಜನಕ್ಕೆ ಹೇಳಿದ್ದೇನೋ.

ಚೌಕಾಸಿ ಒಂದೂವರೆಗೆ ಮುಗಿಯಿತು. ಕೀಲಿ ಕೈಗೆ ಬಂತು. ಆಗ ಸ್ಟೆಪ್ನಿ ನೋಡಿದೆ, ಟೈರು ಬೋಳಾಗಿತ್ತು. ಶೆಡ್ಡಿನ ಗೋಡೆಗೆ ಅದೇ ಅಳತೆಯ ಹೊಸ ಟೈರೊಂದು ಒರಗಿತ್ತು. ಅದನ್ನು ಸೇರಿಸಿಕೊಡು ಎಂದೆ, ಅವನು ಆಗಲ್ಲ ಎಂದ. ನಾನು ಹೊರಡುವವನಂತೆ ನಡೆದೆ, ಮರಳಿ ಬಂದೆ, ಅವನ ಏಡಿ ಬುಟ್ಟಿಗಳನ್ನು ಹೊಗಳಿದೆ. ಅರ್ಧ ಗಂಟೆಯಾದ ಮೇಲೆ ಮುದುಕ ಟೈರನ್ನು ತಾನೇ ಉರುಳಿಸಿಕೊಂಡು ಬಂದ.

"ತಗೋ. ಆದರೆ ಈಗ ಹೊತ್ತಾಯ್ತು. ಎರಡಕ್ಕೆಲ್ಲ ತೊರೆ ಮುಚ್ಚುತ್ತೆ, ಇವತ್ತು ದೊಡ್ಡ ಉಬ್ಬರ. ಮೇಲ್ಗಡೆ ಅಕಾಲದಲ್ಲಿ ಮಳೆ ಬೇರೆ ಆಗಿದೆ. ಇಲ್ಲೇ ಮಲಗು, ಬೆಳಿಗ್ಗೆ ಹೋಗು."

ಅದೇ ಹೊತ್ತಿಗೆ ಗೇಟಿನ ಹೊರಗೆ ಯೂಟ್ ಒಂದು ನಿಂತಿತ್ತು. ಅದರಲ್ಲಿದ್ದ ಇಬ್ಬರು ವ್ಯಾನನ್ನೇ ನೋಡುತ್ತಿದ್ದರು. ನನ್ನ ತಲೆ ತನ್ನ ಅಭ್ಯಾಸದಂತೆ ಓಡಿತು. ವ್ಯಾಪಾರ ಮುಗಿದ ಮೇಲೆ ಗಾಡಿ ಬಿಟ್ಟುಹೋಗು, ನಾಳೆ ಒಯ್ಯಿ ಎನ್ನುವ ಮಾರಾಟಗಾರನ ಬೆನ್ನ ಹಿಂದೆ ಹೆಚ್ಚು ಕೊಡುವ ಇನ್ನೊಬ್ಬ ಗಿರಾಕಿ ಇದ್ದೇ ಇರುತ್ತಾನೆ. ಹತ್ತು ಕಡೆ ಕಂಡಿದ್ದೇನೆ. ನಾನು ಹುಟ್ಟಿ ಬೆಳೆದದ್ದು ತಿಪಟೂರಿನ ಕಡೆ. ಸಮುದ್ರವೆಂದರೆ ನಮಗೆ ಶಾಲೆಯ ಟೂರಿನಲ್ಲಿ ಪ್ಯಾಂಟು ಮಡಚಿ ನಿಲ್ಲುವ ಜಾಗ. ಅದು ತೊರೆಯ ಗಂಟಲಿನೊಳಗೆ ಇಳಿದು ಒಳನಾಡಿಗೆ ಹತ್ತಾರು ಕಿಲೋಮೀಟರ್ ನುಗ್ಗುತ್ತದೆಂದು ನನಗೇನು ಗೊತ್ತು? ಬೆಳಿಗ್ಗೆ ಒಣ ಕಾಂಕ್ರೀಟನ್ನು ಕಣ್ಣಾರೆ ಕಂಡಿದ್ದೆ. ಮುದುಕನ ಮಾತಿನಲ್ಲಿ ಅರ್ಧ ಕಳೆದೆ. "ನಿಧಾನಕ್ಕೆ ಹೋಗ್ತೀನಿ, ಥ್ಯಾಂಕ್ಸ್," ಎಂದು ಹೊರಟೆ. ಎರಡು ಗಂಟೆ ದಾಟಿತ್ತು.

ಉಪ್ಪಿನ ಬಯಲು ಸರಾಗವಾಗಿ ಕಳೆಯಿತು. ನೆಲ ಗಟ್ಟಿ, ಬಿಳಿ, ಅಲ್ಲಲ್ಲಿ ಕನ್ನಡಿಯ ಚೂರಿನಂತೆ ತೇವ. ಅಷ್ಟು ತೇವ ಬೆಳಿಗ್ಗೆ ಇತ್ತೇ ಎಂದು ಒಮ್ಮೆ ಅನ್ನಿಸಿತು. ಆಮೇಲೆ ದಾರಿ ಜೌಗಿನೊಳಗೆ ಇಳಿಯಿತು.

ಬೆಳಿಗ್ಗೆ ಮುದುಕನ ಪಕ್ಕ ಕೂತು ಬರುವಾಗ ನನ್ನ ಗಮನವೆಲ್ಲ ಅವನ ಮಾತಿನ ಮೇಲಿತ್ತು, ಈ ಕಾಡನ್ನು ನೋಡಿಯೇ ಇರಲಿಲ್ಲ. ಈಗ ಒಬ್ಬನೇ. ದಾರಿಯ ಎರಡೂ ಕಡೆ ನೀರಿನಲ್ಲಿ ನಿಂತ ಬಿಳಿ ಮರಗಳು, ಕಾಗದದ ಕಂತೆಯಂತೆ ಪದರ ಪದರವಾಗಿ ತೊಗಟೆ ಸುಲಿದು ಜೋತುಬಿದ್ದಿದ್ದವು. ಚಹಾದ ಬಣ್ಣದ ನೀರು. ಅದರ ಮೇಲೆ ತಾವರೆಯ ಎಲೆ, ಎಲೆಯ ಮೇಲೆ ಉದ್ದ ಬೆರಳಿನ ಹಕ್ಕಿ. ಕಪ್ಪು ಕತ್ತಿನ ಕೊಕ್ಕರೆಯೊಂದು ಆಳುದ್ದ ನಿಂತು ವ್ಯಾನು ದಾಟುವವರೆಗೂ ಕದಲಲಿಲ್ಲ. ಮೇಲೆ ನಮ್ಮೂರಿನ ಗರುಡನೇ ಸುತ್ತುತ್ತಿತ್ತು, ಅದೇ ಕೆಂಪು ರೆಕ್ಕೆ, ಬಿಳಿ ಎದೆ. ಗುರುತಿನವನೊಬ್ಬ ಸಿಕ್ಕಿದಂತಾಯಿತು. ಚೆಂದವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಗಾಜು ಇಳಿಸಿಕೊಂಡು ಇಪ್ಪತ್ತರ ವೇಗದಲ್ಲಿ ಓಡಿಸಿದೆ.

ಸ್ವಲ್ಪ ದೂರದ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಎಡಗಡೆಯ ನೀರಿನಲ್ಲಿ ಒಣ ಎಲೆಗಳು ತೇಲಿ ಹೋಗುತ್ತಿದ್ದವು. ನಾನು ಹೋಗುತ್ತಿದ್ದ ದಿಕ್ಕಿಗೇ, ಸಮುದ್ರದ ಕಡೆಯಿಂದ ಒಳಗೆ. ಜೌಗಿನ ನೀರು ನಿಂತ ನೀರು. ಅದಕ್ಕೆ ದಿಕ್ಕು ಎಲ್ಲಿಂದ ಬಂತು?

ತೊರೆ ತಲುಪಿದಾಗ ಕಾಂಕ್ರೀಟ್ ಕಾಣಲಿಲ್ಲ. ಎರಡು ದಡದ ನಡುವೆ ಕಂದು ನೀರು, ಸದ್ದಿಲ್ಲದೆ ಒಳಕ್ಕೆ ಸಾಗುತ್ತಿತ್ತು. ಪಕ್ಕದಲ್ಲಿ ಆಳ ತೋರಿಸಲು ನೆಟ್ಟ ಕಂಬದಲ್ಲಿ ನೀರು ಮೊದಲ ಗೆರೆಯ ಮೇಲಿತ್ತು, ಅಂದರೆ ಗೇಣಿಗಿಂತ ಹೆಚ್ಚು. ಮೊಸಳೆಯ ಚಿತ್ರದ ಹಳದಿ ಫಲಕ. ಅದರ ಕೆಳಗೆ ದಡದ ಕೆಸರಿನಲ್ಲಿ ಜಾರುಬಂಡೆಯಂತೆ ನುಣುಪಾದ ಒಂದು ಗುರುತು, ಅಗಲ ನನ್ನ ಎರಡು ಕೈ ಚಾಚಿದಷ್ಟು. ಕೆಸರು ಇನ್ನೂ ಹಸಿಯಾಗಿತ್ತು.

ಎಂಜಿನ್ ಓಡುತ್ತಿರುವಂತೆಯೇ ಕೂತು ಲೆಕ್ಕ ಹಾಕಿದೆ. ಗೇಣು ನೀರು ಏನೂ ಅಲ್ಲ, ಒತ್ತಿದರೆ ಅರ್ಧ ನಿಮಿಷದಲ್ಲಿ ಆಚೆ ದಡ. ಆದರೆ ಪಂಪಿನ ಪೆಟ್ಟಿಗೆ ಕೆಳಗಿದೆ, ನೀರು ಉಪ್ಪು, ಹರಿವು ಅಡ್ಡಕ್ಕಿದೆ. ಹಾಸಿನ ಅಂಚು ಎಲ್ಲಿ ಎಂದು ಕಾಣುವುದಿಲ್ಲ. ಇಳಿದು ಕೋಲು ಊರಿ ಅಳೆಯೋಣವೆಂದರೆ ಆ ಕೆಸರಿನ ಗುರುತು. ಕೊನೆಗೆ ವ್ಯಾನನ್ನು ತಿರುಗಿಸಿ ಹಿಂಬದಿಯನ್ನು ನೀರಿನ ಕಡೆಗೆ ಮಾಡಿದೆ. ಲಿಫ್ಟನ್ನು ಅರ್ಧ ಇಳಿಸಿ, ಅದರ ಮೇಲೆ ಮಂಡಿಯೂರಿ, ಜ್ಯಾಕಿನ ಸರಳಿಗೆ ಹಗ್ಗ ಕಟ್ಟಿ ನೀರಿಗೆ ಬಿಟ್ಟೆ. ಐದು ನಿಮಿಷ ಬಿಟ್ಟು ಮತ್ತೆ. ಎರಡು ಬೆರಳು ಏರಿತ್ತು. ಇನ್ನೈದು ನಿಮಿಷಕ್ಕೆ ಮೂರು ಬೆರಳು.

ಬೆಲೆ ಏರುತ್ತಿರುವಾಗ ಕೊಳ್ಳಬಾರದು, ಕಾಯಬೇಕು. ನನ್ನ ಬುದ್ಧಿಗೆ ಹೊಳೆದದ್ದು ಅದೊಂದೇ. ಮುದುಕನ ಮನೆಗೇ ಹೋಗಿಬಿಡೋಣ, ಮರ್ಯಾದೆ ಹೋದರೆ ಹೋಗಲಿ ಎಂದು ಲಿಫ್ಟ್ ಎತ್ತಿ, ಬಂದ ದಾರಿಯಲ್ಲೇ ಓಡಿಸಿದೆ. ಆರು ಕಿಲೋಮೀಟರ್ ದಾಟಿ ಮರಗಳು ಮುಗಿದಾಗ ಉಪ್ಪಿನ ಬಯಲು ಇರಲಿಲ್ಲ. ಅಲ್ಲಿ ಆಕಾಶವಿತ್ತು, ಕೆಳಗೂ ಮೇಲೂ. ದೂರದಲ್ಲಿ ಮುದುಕನ ಮನೆಯ ತಗಡಿನ ಮಾಡು ಆ ನೀರಿನಾಚೆ ಚುಕ್ಕಿಯಷ್ಟು ಕಂಡಿತು. ಫೋನು ತೆಗೆದೆ, ಸಿಗ್ನಲ್ ಇರಲಿಲ್ಲ.

ಹಿಂದೆ ನೀರು, ಮುಂದೆ ನೀರು, ನಡುವಿನ ಆರು ಕಿಲೋಮೀಟರಿನಲ್ಲಿ ಎತ್ತರದ ಜಾಗ ಹುಡುಕಬೇಕಿತ್ತು. ಓಡಿಸುತ್ತಾ ಗಾಲಿಯ ಸದ್ದಿಗೆ ಕಿವಿಯಿಟ್ಟೆ. ಮಣ್ಣು ಒಣಗಿದ್ದ ಕಡೆ ಸದ್ದು ಬೇರೆ. ತೊರೆಗೆ ಎರಡು ಕಿಲೋಮೀಟರ್ ಇರುವಾಗ ದಾರಿ ಒಂದು ದಿಬ್ಬವನ್ನು ಹತ್ತಿ ಇಳಿಯುತ್ತಿತ್ತು. ದಿಬ್ಬವೆಂದರೆ ಮದುವೆ ಛತ್ರದ ಅಂಗಳದಷ್ಟು ಜಾಗ, ಸೊಂಟದೆತ್ತರ. ಅದರ ನೆತ್ತಿಯಲ್ಲಿ ನಿಲ್ಲಿಸಿ ಎಂಜಿನ್ ಆರಿಸಿದೆ. ಬ್ಯಾಟರಿಯ ಒಂದು ತಂತಿ ಬಿಚ್ಚಿದೆ. ಉಪ್ಪುನೀರು ತಾಗಿದಾಗ ವೈರುಗಳಲ್ಲಿ ಕರೆಂಟ್ ಇದ್ದರೆ ಕೆಡುವುದು ನೂರು ಪಟ್ಟು. ಲಿಫ್ಟನ್ನು ಮಾತ್ರ ಅದಕ್ಕೆ ಮೊದಲೇ ಮೇಲಕ್ಕೆತ್ತಿ ಕಟ್ಟಿದೆ. ಇಷ್ಟೇ ನನ್ನ ಕೈಲಿದ್ದದ್ದು.

ಎಂಜಿನ್ನಿನ ಸದ್ದು ನಿಂತ ಮೇಲೆ ಜೌಗಿನ ಸದ್ದು ಶುರುವಾಯಿತು. ಗುಳುಗುಳು, ಎಲ್ಲ ಕಡೆಯಿಂದ, ಸಾವಿರ ಬಾಟಲಿ ಒಟ್ಟಿಗೆ ತುಂಬುತ್ತಿರುವ ಹಾಗೆ. ಏಡಿಯ ತೂತುಗಳಿಂದ ಗಾಳಿ ಹೊರಡುತ್ತಿತ್ತು ಎಂದು ಮುದುಕ ಆಮೇಲೆ ಹೇಳಿದ. ಆಗ ಗೊತ್ತಿರಲಿಲ್ಲ.

ಮೊದಲು ಬಂದವು ವಾಲಬಿಗಳು, ಸಣ್ಣ ಜಾತಿಯ ಕಾಂಗರೂ. ನಾಲ್ಕು, ಆಮೇಲೆ ಏಳು. ನೀರಿನಲ್ಲಿ ಚಿಮ್ಮುತ್ತಾ ಬಂದು ದಿಬ್ಬ ಹತ್ತಿ, ವ್ಯಾನಿನಿಂದ ಹತ್ತು ಅಡಿ ದೂರದಲ್ಲಿ ನಿಂತವು. ನನ್ನನ್ನು ನೋಡಿದವು, ಓಡಲಿಲ್ಲ. ಓಡಲು ಅವಕ್ಕೂ ಜಾಗವಿರಲಿಲ್ಲ. ಮುಂದಿನ ಮರದ ತೊಗಟೆಯ ಪದರದೊಳಗೆ ಏನೋ ಸರಿದಾಡಿತು. ನೋಡಿದರೆ ಹಾವು, ಅದರ ಮೇಲೆ ಇನ್ನೊಂದು. ನೀರಿನಿಂದ ಎದ್ದು ಮೇಲಕ್ಕೆ ಹರಿಯುತ್ತಿದ್ದವು. ಆಮೇಲೆ ಹೆಣ್ಣು ಹಂದಿಯೊಂದು ಮೂರು ಮರಿಗಳ ಜತೆ ಬಂತು. ಮೈತುಂಬ ಕೆಸರು. ವಾಲಬಿಗಳು ಒಂದಿಷ್ಟು ಸರಿದು ಜಾಗ ಬಿಟ್ಟವು. ದಿಬ್ಬ ಚಿಕ್ಕದಾಗುತ್ತಾ ಹೋದಂತೆ ಎಲ್ಲರೂ ವ್ಯಾನಿಗೆ ಹತ್ತಿರವಾದರು. ಗಾಜು ಏರಿಸಿದ್ದರೂ ಅವುಗಳ ಮೈಯ ವಾಸನೆ ಒಳಗೆ ಬಂತು. ಯಾವುದೂ ಇನ್ನೊಂದರ ಮುಖ ನೋಡುತ್ತಿರಲಿಲ್ಲ. ಎಲ್ಲದರ ಕಿವಿಯೂ ಒಂದೇ ಕಡೆಗೆ ತಿರುಗಿತ್ತು.

ಆ ಕಡೆ ನಾನೂ ನೋಡಿದೆ. ಮರಗಳ ನಡುವಿನ ನೀರಿನಲ್ಲಿ ಒಂದು ದಿಮ್ಮಿ ಇತ್ತು. ಎಲೆಗಳೆಲ್ಲ ಹರಿವಿನ ಜತೆ ಹೋಗುತ್ತಿದ್ದವು, ದಿಮ್ಮಿ ಹೋಗುತ್ತಿರಲಿಲ್ಲ. ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ಅದು ಇರಲಿಲ್ಲ. ಅಲೆಯೂ ಏಳಲಿಲ್ಲ. ಅದು ಅಲ್ಲಿದೆ ಎಂದು ಗೊತ್ತಿದ್ದಾಗಿನ ಹೆದರಿಕೆಗಿಂತ ಎಲ್ಲಿದೆಯೋ ಗೊತ್ತಿಲ್ಲದ ಹೆದರಿಕೆ ದೊಡ್ಡದು. ಗಂಟೆ ನಾಲ್ಕೂವರೆ. ನೀರು ಮುಂಚಕ್ರವನ್ನು ಮುಟ್ಟಿತು.

ಬಲಗಡೆ ಛಳ್ ಎಂಬ ಒಂದೇ ಸದ್ದು. ತಿರುಗುವಷ್ಟರಲ್ಲಿ ಮುಗಿದಿತ್ತು. ಏಳಿದ್ದ ವಾಲಬಿಗಳು ಈಗ ಆರೇ. ಉಳಿದವು ಓಡಲಿಲ್ಲ, ಒಂದಡಿ ವ್ಯಾನಿನ ಕಡೆಗೆ ಸರಿದವು. ಒಂದರ ಮೈ ಬಾಗಿಲಿಗೆ ಒರಗಿತು. ಅದರ ನಡುಕ ತಗಡಿನ ಮೂಲಕ ನನ್ನ ಮೊಣಕೈಗೆ ತಿಳಿಯುತ್ತಿತ್ತು.

ಐದರ ಹೊತ್ತಿಗೆ ಎಂಜಿನ್ ಸದ್ದು ಕೇಳಿಸಿತು. ಮರಗಳ ನಡುವಿನಿಂದ ತಗಡಿನ ದೋಣಿ, ಅದರಲ್ಲಿ ಮುದುಕ, ಹಣೆಗೆ ಟಾರ್ಚು ಕಟ್ಟಿಕೊಂಡಿದ್ದ. ಸರ್ವೋದವರಿಗೆ ಫೋನು ಮಾಡಿ ಬಿಳಿ ವ್ಯಾನು ಬಂತೇ ಎಂದು ಕೇಳಿದ್ದನಂತೆ. ಬಂದಿಲ್ಲ ಎಂದರಂತೆ.

ದೋಣಿಯನ್ನು ಹಿಂಬಾಗಿಲಿಗೆ ತಾಗಿಸಿದ. ಪ್ರಾಣಿಗಳನ್ನೆಲ್ಲ ಒಮ್ಮೆ ನೋಡಿ, ನನ್ನ ಕಡೆ ತಿರುಗಿದ. "ಸ್ಪೇರ್ ಟೈರು ಚೆನ್ನಾಗಿದೆಯಾ, ಮೇಟ್?"

"ಇನ್ನೆಷ್ಟು ಏರುತ್ತೆ?" ಎಂದೆ.

"ಇನ್ನೊಂದು ಗೇಣು. ಗಾಡಿಗೆ ಬೇಜಾರು ಮಾಡ್ಕೋಬೇಡ. ದೋಣಿ ಹತ್ತು."

ನೀರು ಆಗಲೇ ನೆಲದ ಹಲಗೆಗೆ ತಾಗುತ್ತಿತ್ತು. ಅದಕ್ಕಿಂತ ಗೇಣು ಮೇಲೆ ಎಂದರೆ ಪಂಪಿನ ಪೆಟ್ಟಿಗೆ ಪೂರ್ತಿ ಮುಳುಗುತ್ತದೆ. ಒಳಗೆ ಕೂತು ಬಟ್ಟೆ ತುರುಕಿ, ನೀರು ಮೊಗೆದು ಹೊರಗೆ ಹಾಕಿದರೆ ಉಳಿಸಬಹುದೇನೋ. ಒಂದು ನಿಮಿಷ ಯೋಚಿಸಿದೆ, ನಿಜವಾಗಿಯೂ ಯೋಚಿಸಿದೆ.

"ಅದು ಒಂದು ಹುಡುಗಿಗೆ," ಎಂದೆ. "ಗಾಲಿಕುರ್ಚಿಯವಳು. ಅವಳ ಅಮ್ಮನಿಗೆ ಬೆನ್ನು ಹೋಗಿದೆ. ಸೋಮವಾರ ಸ್ಕೂಲು."

ಮುದುಕ ಹುಟ್ಟನ್ನು ಕೆಳಗಿಟ್ಟ. "ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ಕಡಿಮೆಗೆ ಕೊಡ್ತಿದ್ದೆಯಾ?"

"ಇಲ್ಲ. ಕೀಲಿಯನ್ನೇ ಕೊಡ್ತಿರಲಿಲ್ಲ. ನೀರು ಇಳಿಯೋವರೆಗೂ ಕೊಡ್ತಿರಲಿಲ್ಲ."

ಅರ್ಧ ಕಳೆಯಲು ಆ ಮಾತಿನಲ್ಲಿ ಏನೂ ಇರಲಿಲ್ಲ. ದೋಣಿಗೆ ಹತ್ತಿದೆ. ನಾವು ಹೊರಟಾಗ ಹಂದಿಮರಿಗಳು ವ್ಯಾನಿನ ಮುಂದಿನ ಬಂಪರಿನ ಮೇಲೆ ಕಾಲಿಡಲು ನೋಡುತ್ತಿದ್ದವು. ತಾಯಿ ಹಂದಿ ನೀರಿನ ಕಡೆಗೆ ಮುಖ ಮಾಡಿ ನಿಂತಿತ್ತು. ಮುದುಕ ಟಾರ್ಚನ್ನು ಒಮ್ಮೆ ಮರಗಳ ಮೇಲೆ ಆಡಿಸಿದ. ನೀರಿನ ಮಟ್ಟದಲ್ಲಿ ಎರಡು ಕೆಂಪು ಕಿಡಿಗಳು ಹೊತ್ತಿಕೊಂಡು, ನಿಧಾನವಾಗಿ ಆರಿದವು. ಗೇಟಿನ ಹೊರಗೆ ಯೂಟ್‌ನಲ್ಲಿದ್ದ ಇಬ್ಬರು ಗಿರಾಕಿಗಳಲ್ಲ, ಅಲ್ಲೇ ಏಡಿ ಹಿಡಿಯುವ ನೆರೆಯವರು ಎಂದು ದಾರಿಯಲ್ಲಿ ತಿಳಿಯಿತು.

ಮಾರನೆಯ ದಿನ ಹತ್ತಕ್ಕೆ ನೀರು ಇಳಿದ ಮೇಲೆ ಹೋದೆವು. ವ್ಯಾನಿನ ಬಾಗಿಲ ಮೇಲೆ ಕೆಸರಿನ ಗೆರೆ, ಹಲಗೆಗಿಂತ ಸರಿಯಾಗಿ ಗೇಣು ಮೇಲೆ. ದಿಬ್ಬದ ಮೇಲೆ ಗೊರಸಿನ ಗುರುತು ಹೆಚ್ಚು ಉಳಿದಿರಲಿಲ್ಲ. ಎಲ್ಲವನ್ನೂ ಸಾರಿಸಿದಂತೆ ಅಗಲವಾದ ಒಂದು ಜಾಡು ವ್ಯಾನನ್ನು ಸುತ್ತುಹಾಕಿ ನೀರಿಗೆ ಇಳಿದಿತ್ತು. ಕೀಲಿ ತಿರುಗಿಸಲಿಲ್ಲ. ಉಪ್ಪುನೀರು ಕಂಡ ಗಾಡಿಯನ್ನು ಸ್ಟಾರ್ಟ್ ಮಾಡಿ ನೋಡುವ ಆಸೆಯೇ ಅದನ್ನು ಕೊಲ್ಲುವುದು, ನೆನಪಿಡಿ. ಯೂಟಿಗೆ ಕಟ್ಟಿ ಮುದುಕನ ಮನೆಗೇ ಎಳೆದೆವು. ಅವನ ಮಳೆನೀರಿನ ತೊಟ್ಟಿಯಿಂದ ಪೈಪು ಹಿಡಿದು ಸಂಜೆಯವರೆಗೆ ಒಂದೊಂದು ಸಂದಿಯನ್ನೂ ತೊಳೆದೆವು. ತೊಟ್ಟಿ ಅರ್ಧವಾಯಿತು. ಮುಂದಿನ ಮಳೆಯವರೆಗೆ ಅವನಿಗೆ ಕುಡಿಯಲು ಇದ್ದದ್ದು ಅದೇ ನೀರು. ಅದಕ್ಕಾದರೂ ಏನಾದರೂ ತಗೋ ಎಂದರೆ ಕೈಯಾಡಿಸಿದ.

ಸೋಮವಾರ ವ್ಯಾನು ಲಾರಿಯ ಮೇಲೆ ಕ್ಯಾಲಮ್‌ವೇಲ್ ತಲುಪಿತು. ಪಂಪು ಬಿಚ್ಚಿ, ಒಣಗಿಸಿ, ಪ್ರತಿ ವೈರಿನ ತುದಿಯನ್ನೂ ಉಜ್ಜಿ ಜೋಡಿಸಿದೆ. ಬುಧವಾರ ಬ್ಯಾಟರಿ ಕೊಟ್ಟು ಗುಂಡಿ ಒತ್ತಿದೆ. ಲಿಫ್ಟು ಇಳಿಯಿತು, ಏರಿತು. ಹತ್ತು ಸಲ. ಇಪ್ಪತ್ತು ಸಲ. ಒಂದು ಸಲವೂ ತಡವರಿಸಲಿಲ್ಲ. ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಬಂದು ನೋಡಿದ. "ಐದು ವರ್ಷ ಓಡಬಹುದು. ಮುಂದಿನ ವಾರ ನಡುದಾರಿಯಲ್ಲಿ ನಿಲ್ಲಬಹುದು. ಉಪ್ಪು ಒಳಗೆ ಹೋದ ಮೇಲೆ ಯಾರೂ ಹೇಳಕ್ಕಾಗಲ್ಲ," ಎಂದ.

ಡಾಕ್ಟರಮ್ಮನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಸ್ಟೆಪ್ನಿಯ ಚೌಕಾಸಿಯನ್ನೂ ಬಿಡಲಿಲ್ಲ.

"ಈಗ ಕೆಲ್ಸ ಮಾಡ್ತಿದೆ ತಾನೆ ಅಣ್ಣ?"

"ಮಾಡ್ತಿದೆ ಮೇಡಂ."

"ಹಾಗಿದ್ರೆ ಕೊಟ್ಬಿಡಿ. ಮುಂದೆ ಕೆಟ್ರೆ ನೋಡ್ಕೊಳ್ಳೋಣ. ಇವತ್ತು ಬೆಳಿಗ್ಗೆ ಅವಳನ್ನ ಎತ್ತೋವಾಗ ನಾನು ಕೂತ್ಬಿಟ್ಟೆ, ಏಳಕ್ಕಾಗ್ಲಿಲ್ಲ. ನಿಮ್ಗದು ಗೊತ್ತಾಗಲ್ಲ."

"ಅವಳು ಮೇಲಿರೋವಾಗ ಲಿಫ್ಟು ನಿಂತ್ರೆ? ನೀವು ಕೆಳಗೆ, ಅವಳು ಎರಡಡಿ ಮೇಲೆ. ಆಗ ಎತ್ಕೊಳ್ಳೋರು ಯಾರು?"

"ನೀವು ತಡ ಮಾಡಿದ್ದು. ನಾನಲ್ಲ," ಎಂದು ಫೋನಿಟ್ಟರು.

ಪರ್ತ್‌ನ ವ್ಯಾನನ್ನು ಮಾರುವವರು ಕೇಳಿದ ಬೆಲೆಗೇ, ಒಂದು ಮಾತೂ ಆಡದೆ ಕೊಂಡೆ. ಅದು ಅಡಿಲೇಡ್ ಮೂಲಕ ರೈಲು, ಲಾರಿ ಬದಲಿಸಿಕೊಂಡು ಬರಲು ಐದು ವಾರ ಹಿಡಿಯಿತು. ಆ ಐದು ವಾರ ನಾನೂ ನನ್ನ ಹೆಂಡತಿಯೂ ಸರದಿಯ ಮೇಲೆ ಬೆಳಿಗ್ಗೆ, ಸಂಜೆ ಇಪ್ಸ್‌ವಿಚ್‌ಗೆ ಹೋಗಿ ಹುಡುಗಿಯನ್ನು ಎತ್ತಿ ಕೂರಿಸಿ ಇಳಿಸಿದೆವು. ಡಾಕ್ಟರಮ್ಮ ಬಾಗಿಲು ತೆರೆಯುತ್ತಿದ್ದರು, ಕಾಫಿ ಬೇಕೇ ಎಂದು ಕೇಳುತ್ತಿರಲಿಲ್ಲ. ನಾಲ್ಕನೆಯ ವಾರ ಕೇಳಿದರು.

ಜೌಗಿನ ವ್ಯಾನು ಶೆಡ್ಡಿನಲ್ಲಿ ನಿಂತಿತ್ತು. ತೊಳೆದು, ಪಾಲಿಶ್ ಮಾಡಿದ ಮೇಲೆ ಯಾವ ಆಯಸ್ಕಾಂತವೂ ಅದರಲ್ಲಿ ತಪ್ಪು ಹುಡುಕಲಾರದು. ಮ್ಯಾಟ್ ಎತ್ತಿ ಮೂಸಿದರೂ ಸೋಪಿನ ವಾಸನೆ. ಹರಾಜಿಗೆ ಬಿಟ್ಟರೆ ಮಧ್ಯಾಹ್ನದೊಳಗೆ ಹೋಗುತ್ತಿತ್ತು. ಒಂದು ಭಾನುವಾರ ಗ್ರೈಂಡರ್ ತೆಗೆದುಕೊಂಡು ಲಿಫ್ಟಿನ ಎರಡೂ ತೋಳುಗಳನ್ನು ಬುಡದಲ್ಲಿ ಕತ್ತರಿಸಿದೆ. ಪಂಪಿನ ಪೆಟ್ಟಿಗೆಯನ್ನು ಸುತ್ತಿಗೆಯಿಂದ ಜಜ್ಜಿದೆ. ಹಾಗೇ ಬಿಟ್ಟಿದ್ದರೆ ಅದನ್ನು ಕೊಂಡು, ಇನ್ನೊಬ್ಬರ ಮಗಳಿಗೆ ಮಾರುವವನು ಒಬ್ಬ ಬಂದೇ ಬರುತ್ತಿದ್ದ. ಅವನ ಕಣ್ಣು ಎಷ್ಟು ಚುರುಕೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?